ಲಾಳಿ ತಗುಲಿದ ಮೇಲೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಗಳಿಗೆ ಹೆಚ್ಚು ಜಾಗವಿತ್ತು. ಮೊಳಕಾಲ್ಮೂರಿನ ನಮ್ಮ ಓಣಿಯ ಮನೆಗಳೆಲ್ಲ ಹಾಗೆಯೇ: ಬಾಗಿಲು ದಾಟಿದರೆ ಉದ್ದನೆಯ ಪಡಸಾಲೆ, ಅದರಲ್ಲಿ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿ ಮಗ್ಗ, ಅವುಗಳ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ದಾರಿ, ಆ ದಾರಿಯ ತುದಿಗೆ ಅಡುಗೆಮನೆ. ಊಟ, ಓದು, ನಿದ್ದೆ ಎಲ್ಲವೂ ಮಗ್ಗದ ಪಕ್ಕದಲ್ಲೇ. ಗಾಜಿನ ಹೆಂಚಿನಿಂದ ಬೀಳುವ ಬೆಳಕು ಮೊದಲು ಹಾಸಿನ ಎಳೆಗಳ ಮೇಲೆ, ಆಮೇಲೆ ನಮ್ಮ ಮೇಲೆ. ಒಬ್ಬರ ಉಸಿರು ಏರಿದರೆ ಇನ್ನೊಬ್ಬರಿಗೆ ತಿಳಿಯುವಂಥ ಆ ಮನೆಯಲ್ಲಿ ಬೆಳೆದವಳಿಗೆ ಎರಡೇ ದಾರಿ, ಎಲ್ಲವನ್ನೂ ಆಡಿಬಿಡುವುದು ಅಥವಾ ಏನನ್ನೂ ಆಡದಿರುವುದು. ಅವ್ವ ಮೊದಲನೆಯದನ್ನು ಆರಿಸಿಕೊಂಡಿದ್ದಳು. ನಾನು ಎರಡನೆಯದನ್ನು. ಅಪ್ಪನನ್ನು ನಾವು ನಾಯ್ನ ಎನ್ನುತ್ತಿದ್ದೆವು, ಅವರ ತಾಯಿಯನ್ನು ಜೇಜಿ. ಮನೆಯ ಮಾತಿನಲ್ಲಿ ತೆಲುಗೂ ಕನ್ನಡವೂ ಬೆರೆತೇ ಇರುತ್ತಿದ್ದವು, ಯಾವುದು ಎಲ್ಲಿ ಮುಗಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ತಮ್ಮನನ್ನು ಇಲ್ಲಿ ಗಿರಿ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ.

ನಾಯ್ನ ನೇಯುತ್ತಿದ್ದದ್ದು ಮೂರು ಲಾಳಿಯ ರೇಷ್ಮೆ ಸೀರೆ. ಒಡಲಿಗೆ ಒಂದು ಬಣ್ಣ, ಎರಡೂ ಅಂಚಿಗೆ ಬೇರೆ ಬಣ್ಣ. ಎಡಗಡೆಯ ಅಂಚಿನ ಲಾಳಿ ಮತ್ತು ನಡುವಿನ ಲಾಳಿ ನೇಯುವವನ ಕೈಯಲ್ಲಿ, ಬಲಗಡೆಯ ಅಂಚಿನದು ಪಕ್ಕದಲ್ಲಿ ಕೂತ ಇನ್ನೊಬ್ಬರ ಕೈಯಲ್ಲಿ. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಮೊದಲು ಅವ್ವ, ಆಮೇಲೆ ನಾನು, ನಾನು ಕಾಲೇಜಿಗೆ ಸೇರಿದ ಮೇಲೆ ಗಿರಿ. ಇಬ್ಬರೂ ಮಾತಾಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕಾಲು ತುಳಿದ ಸದ್ದಿಗೆ ಲಾಳಿ ಬರಬೇಕು, ಅಷ್ಟೆ. ಗಿರಿಯಲ್ಲಿ ಏನೋ ಬದಲಾಗಿದೆ ಎಂದು ಮೊದಲು ಕಂಡುಹಿಡಿದದ್ದು ನಾಯ್ನ, ಅದೂ ಕಣ್ಣಿನಿಂದಲ್ಲ. ಅವನ ಲಾಳಿ ಚೂರು ತಡವಾಗತೊಡಗಿತ್ತು. ತುಳಿದ ಮೇಲೆ ಒಂದು ಕ್ಷಣ ಖಾಲಿ, ಆಮೇಲೆ ಲಾಳಿ. ನಾಯ್ನ ಕೆಲಸ ನಿಲ್ಲಿಸಿ, ನೂಲಿನ ಮೇಲಿನ ದೃಷ್ಟಿ ತೆಗೆಯದೆ ಅವ್ವನಿಗೆ ಹೇಳಿದರು:

"ಇವ್ನು ಇಲ್ಲಿಲ್ಲ ಕಣೆ. ಕೈ ಮಾತ್ರ ಇಲ್ಲೈತೆ."

ಅವನು ಎಲ್ಲಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ, ಪಾಠ ಕೇಳಲೆಂದು, ಅವ್ವನ ಅಣ್ಣ ತನ್ನ ಹಳೆಯ ಮೊಬೈಲನ್ನು ಚಳ್ಳಕೆರೆಯಿಂದ ತಂದುಕೊಟ್ಟಿದ್ದ. ಶಾಲೆ ತೆರೆಯಿತು, ಮೊಬೈಲು ಉಳಿಯಿತು. ಅದರೊಳಗೆ ಒಂದು ದ್ವೀಪವಿತ್ತು. ಆಕಾಶದಿಂದ ಜನ ಇಳಿಯುತ್ತಿದ್ದರು, ಸಿಕ್ಕ ಮನೆಗೆ ನುಗ್ಗಿ ಬಂದೂಕು ಹುಡುಕುತ್ತಿದ್ದರು, ಕೊನೆಗೆ ಉಳಿದವನೇ ಗೆದ್ದವನು. ಗಿರಿಗೆ ಆಗ ಹದಿಮೂರು. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಿವಿಗೆ ತಂತಿ ಸಿಕ್ಕಿಸಿ ಕೂತರೆ ಅವನ ಎರಡು ಹೆಬ್ಬೆರಳು ಮಾತ್ರ ಬದುಕಿರುತ್ತಿದ್ದವು. ಜೊತೆಗೆ ಆಡುವವರು ಯಾವ ಊರಿನವರೋ, ಎಷ್ಟು ವಯಸ್ಸಿನವರೋ ನಮಗೆ ತಿಳಿಯದು. ಅವರೊಂದಿಗೆ ಅವನು ಕನ್ನಡದಲ್ಲಿ, ಮುರುಕು ಹಿಂದಿಯಲ್ಲಿ, ಸಂತೆಯ ಉರ್ದುವಿನಲ್ಲಿ ಮಾತಾಡುತ್ತಿದ್ದ. ನಮಗೆ ಕೇಳಿಸುತ್ತಿದ್ದದ್ದು ಅವನ ಪಾಲಿನ ಮಾತು ಮಾತ್ರ.

"ಬಿದ್ದವ್ನೆ, ಬಿದ್ದವ್ನೆ! ಬಿಡಬ್ಯಾಡ ಲೇ, ಮುಗ್ಸು ಅವನ್ನ!"

ಮೂಲೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಜೇಜಿ ರಾಟೆ ನಿಲ್ಲಿಸಿದಳು.

"ಯಾರೋ ಬಿದ್ದಿದ್ದು?"

"ಒಬ್ಬ."

"ಎದ್ನಾ?"

"ಏಳಾಕೆ ಬಿಡಲ್ಲ ಜೇಜಿ."

"ಅಯ್ಯೋ ನಿನ್ನ! ದಿನಾ ಅಷ್ಟು ಜನನ್ನ ಕೊಂದು ಅದೇ ಕೈಯಾಗೆ ಉಣ್ಣಾಕೆ ಬತ್ತೀಯಲ್ಲೋ."

"ನೀನು ಉಟ್ಟಿರೋ ಸೀರೆಗೆ ಎಷ್ಟು ಹುಳ ಬೇಯ್ಸವ್ರೆ ಹೇಳು ನೋಡಾನ. ಜೀವ ಇರೋ ಹುಳ."

"ನಂದು ನೂಲಿನ ಸೀರೆ ಕಣೋ ಮುಂಡೇದೆ. ನೇಯೋರ ಮನೆ ಮುದುಕಿ ರೇಷ್ಮೆ ಉಟ್ಟಿದ್ದು ನೀನ್ಯಾವಾಗ ನೋಡಿದ್ದೆ?"

ನಾವೆಲ್ಲ ನಕ್ಕೆವು, ಗಿರಿಯೂ ನಕ್ಕ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಅವನು ನಗುವುದನ್ನು ಮರೆತ ಹುಡುಗನಾಗಿರಲಿಲ್ಲ. ಆದರೆ ನಗು ಮುಗಿಯುವ ಮೊದಲೇ ಹೆಬ್ಬೆರಳುಗಳು ಚಲಿಸತೊಡಗಿದ್ದವು. ಅವ್ವ ಅಡುಗೆಮನೆಗೆ ನನ್ನನ್ನು ಕರೆದು, "ಇವನ ಮ್ಯಾಲೆ ಒಂದು ಕಣ್ಣಿಟ್ಟಿರು" ಎಂದಳು. ಇಡುವಂತೆ ಹೇಳುವ ಅಗತ್ಯ ಇರಲಿಲ್ಲ, ನಾನು ಆಗಲೇ ಇಟ್ಟಿದ್ದೆ. ಅವನು ಸೋತ ದಿನ ಅನ್ನದ ತಟ್ಟೆಯನ್ನು ನೂಕುತ್ತಿದ್ದ, ಗೆದ್ದ ದಿನವೂ ನೂಕುತ್ತಿದ್ದ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಬೀದಿಯಲ್ಲಿ ಅವನ ವಯಸ್ಸಿನ ಬೇರೆ ಹುಡುಗರೂ ಅದೇ ಆಟ ಆಡುತ್ತಿದ್ದರು, ಆಮೇಲೆ ಎದ್ದು ಕ್ರಿಕೆಟ್ಟಿಗೆ ಹೋಗುತ್ತಿದ್ದರು. ಇವನು ಏಳುತ್ತಿರಲಿಲ್ಲ. ಒಮ್ಮೆ ನಾವೆಲ್ಲ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದ್ದೆವು. ಅರ್ಧ ದಾರಿಯಲ್ಲಿ ಜೇಜಿಗೆ ದಣಿವಾಗಿ ನಿಂತಾಗ ಗಿರಿ ಒಂದು ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೆಟ್ಟಿಲು ಹತ್ತಿ ಬರುತ್ತಿದ್ದವರನ್ನು ನೋಡುತ್ತ ನನಗೆ ಮೆಲ್ಲಗೆ ಹೇಳಿದ:

"ಅಕ್ಕಾ, ಇಲ್ಲಿ ಒಬ್ಬ ಕೂತ್ರೆ ಸಾಕು, ಕೆಳಗಿನೋರು ಒಬ್ರೂ ಉಳಿಯಲ್ಲ."

ಕೆಳಗೆ ಹತ್ತಿ ಬರುತ್ತಿದ್ದವರಲ್ಲಿ ಅವ್ವನೂ ಇದ್ದಳು. ಅವನು ಅದನ್ನು ಬೆದರಿಕೆಯಂತೆ ಹೇಳಲಿಲ್ಲ. ಹೊಲ ನೋಡಿದ ರೈತ ಇಲ್ಲಿ ನೀರು ನಿಲ್ಲುತ್ತೆ ಎನ್ನುವ ಹಾಗೆ ಹೇಳಿದ. ನನ್ನನ್ನು ಕಾಡಿದ್ದು ಆ ಸಹಜತೆಯೇ.

ಲಾಳಿಯ ಸಂಗತಿ ನಡೆದದ್ದು ಒಂದು ಮಧ್ಯಾಹ್ನ. ನಾಯ್ನ ಮಗ್ಗಕ್ಕೆ ಕರೆದರು. ಗಿರಿ "ಬಂದೆ" ಎಂದ, ಬರಲಿಲ್ಲ. ಮತ್ತೆ ಕರೆದರು. ಮತ್ತೆ "ಬಂದೆ". ನಾಯ್ನ ಕುಣಿಯಿಂದ ಎದ್ದರು. ಕೂತ ಮಗ್ಗದಿಂದ ನಡುವೆ ಏಳುವ ಮನುಷ್ಯರಲ್ಲ ಅವರು. ಹೋಗಿ ಅವನ ಕೈಯಿಂದ ಮೊಬೈಲು ಕಿತ್ತುಕೊಂಡರು, ಕಿವಿಯ ತಂತಿಯೂ ಎಳೆದುಕೊಂಡು ಬಂತು. ನಾನು ಕಂಡಿಕೆ ತುಂಬಿದ ಬುಟ್ಟಿ ಹಿಡಿದು ಎರಡು ಮಗ್ಗಗಳ ನಡುವಿನ ದಾರಿಯಲ್ಲಿ ಬರುತ್ತಿದ್ದೆ. ಗಿರಿ ಎದ್ದು ನಿಂತದ್ದು ಕಂಡಿತು. ಮಗ್ಗದ ಹಲಗೆಯ ಮೇಲಿದ್ದ ಲಾಳಿಯ ಮೇಲೆ ಅವನ ಕೈ ಹೋದದ್ದು ಕಂಡಿತು. ನಮ್ಮ ಲಾಳಿಗಳ ಎರಡೂ ತುದಿಗೆ ಚೂಪಾದ ಲೋಹವಿರುತ್ತದೆ. ಅದು ನನ್ನ ಎಡ ಹುಬ್ಬಿನ ಮೇಲೆ ತಗುಲಿತು. ನೋವಿಗಿಂತ ಮೊದಲು ನನಗೆ ತಿಳಿದದ್ದು ಬುಟ್ಟಿಯ ಕಂಡಿಕೆಗಳು ಉರುಳುವ ಸದ್ದು. ಆಮೇಲೆ ಕಣ್ಣೊಳಗೆ ರಕ್ತ ಬಂತು.

ನಾಯ್ನ ನನ್ನನ್ನು ಹಿಡಿದರು. ಅವ್ವ ಕೂಗುತ್ತ ಓಡಿಬಂದಳು. ಆ ಗದ್ದಲದಲ್ಲಿ, ನೆಟ್ಟಗಿದ್ದ ಒಂದು ಕಣ್ಣಿನಿಂದ, ನಾನು ಗಿರಿಯನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ನಾಯ್ನನ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಪರದೆಯನ್ನು ನೋಡುತ್ತಿದ್ದ. ಆಟ ಮುಗಿಯಿತೋ ಇಲ್ಲವೋ ಎಂದು ನೋಡುತ್ತಿದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ, ಆಮೇಲೆ ಅವನಿಗೆ ಅಳು ಬಂತು. ಅಳುವನ್ನು ಎಲ್ಲರೂ ಕಂಡರು. ಅದಕ್ಕೆ ಮೊದಲಿನದನ್ನು ಕಂಡವಳು ನಾನೊಬ್ಬಳೇ.

ಆಸ್ಪತ್ರೆಯಲ್ಲಿ ಅವ್ವ, ಬಾಗಿಲು ತಾಗಿತು ಎಂದಳು. ಹೊಲಿಗೆ ಹಾಕಿದವರು ನನ್ನ ಮುಖ ನೋಡಿದರು. ನಾನೂ ಬಾಗಿಲು ಎಂದೆ. ಮನೆಗೆ ಬಂದಾಗ ಜೇಜಿ ಆ ಲಾಳಿಯನ್ನು ಅರಿಶಿನದ ನೀರಲ್ಲಿ ತೊಳೆದು ದೇವರ ಗೂಡಿನಲ್ಲಿ ಇಟ್ಟಿದ್ದಳು. ನೇಯುವವರ ಮನೆಯಲ್ಲಿ ದಿನಕ್ಕೆ ಎಷ್ಟೋ ಸಾವಿರ ಸಲ ಲಾಳಿ ಎಸೆಯುತ್ತಾರೆ, ಮನುಷ್ಯರ ಮೇಲೆ ಎಸೆದದ್ದನ್ನು ಆಕೆ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಯಾರಿಗೆ ಎಸೆದೆ ಎಂದು ನಾಯ್ನ ಒಂದೇ ಸಲ ಕೇಳಿದರು.

"ನೋಡ್ಲಿಲ್ಲ," ಎಂದ ಗಿರಿ.

"ನೋಡ್ದೆ ಎಸೀತಾರೇನೋ?"

"ಕೈ ಎಸೀತು."

ಈ ಉತ್ತರವನ್ನು ನಾನು ಅಂದು ನಂಬಲಿಲ್ಲ. ಇಂದಿಗೂ ಪೂರ್ತಿಯಾಗಿ ನಂಬಿಲ್ಲ. ಮುಂದೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂಥ ಆಟಗಳ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಆಟ ಮಕ್ಕಳನ್ನು ಕ್ರೂರಿಗಳನ್ನಾಗಿ ಮಾಡುತ್ತದೆ ಎನ್ನುವವರಿದ್ದರು, ಇಲ್ಲ ಎನ್ನುವವರೂ ಇದ್ದರು, ಇಬ್ಬರೂ ಧೈರ್ಯವಾಗಿ ಬರೆದಿದ್ದರು. ಅದೇ ಪಡಸಾಲೆಯಲ್ಲಿ ಮಲಗುವ ಅಕ್ಕನನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದದ್ದು ಇಷ್ಟೆ: ಆಟ ಅವನಿಗೆ ಸಿಟ್ಟನ್ನು ಕಲಿಸಲಿಲ್ಲ, ಸಿಟ್ಟು ನಾಯ್ನನದು, ಮನೆತನದ್ದು. ಆದರೆ ಸಿಟ್ಟು ಬಂದದ್ದಕ್ಕೂ ಕೈ ಏಳುವುದಕ್ಕೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಮಯ ಇರುತ್ತದಲ್ಲ, ಅದನ್ನು ಅದು ತಿಂದುಹಾಕಿತ್ತು ಎಂದು ನನ್ನ ಅನುಮಾನ. ಅನುಮಾನ ಎಂದೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚಿನ ಪುರಾವೆ ನನ್ನಲ್ಲಿಲ್ಲ.

ಸುದ್ದಿ ತಿಳಿದು ಚಳ್ಳಕೆರೆಯಿಂದ ಮಾಮ ಬಂದ. ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವನು, ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದ. ಮೊಬೈಲು ಕೊಟ್ಟವನು ತಾನೇ ಎಂಬುದನ್ನು ಅವನು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

"ನನ್ನ ತಾವ ಬಿಡ್ರಿ ಅವನ್ನ. ಅಲ್ಲೇ ಇಸ್ಕೂಲು. ಬೆಳಿಗ್ಗೆ ಸಾಯಂಕಾಲ ಮಿಲ್ಲಿನಾಗೆ ಡಬ್ಬ ಎತ್ಲಿ. ಗನ್ನು ಗಿನ್ನು ಎಲ್ಲಾ ಇಳೀತೈತೆ."

"ಗಾಳಿ ಹಿಡ್ದಂಗೆ ಹಿಡ್ದೈತೆ ಅದು," ಎಂದಳು ಜೇಜಿ. "ಮೊದ್ಲು ಮಾರವ್ವಗೆ ಮರಿ ಒಪ್ಪಿಸ್ರಿ. ಆಮ್ಯಾಲೆ ಎಲ್ಲಿಗಾದ್ರೂ ಕರ್ಕಂಡೋಗು."

ಹಾಗೆಂದೇ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಳಿಸಿ ಎನ್ನುತ್ತಿದ್ದೆ. ಗಿರಿಯ ಬಟ್ಟೆಗಳನ್ನು ಅವ್ವ ಚೀಲಕ್ಕೆ ಹಾಕುವಾಗ ಮಡಿಚಿ ಕೊಟ್ಟವಳು ನಾನೇ. ಅವನು ಕೂತು ನೋಡುತ್ತಿದ್ದ. ಮೊಬೈಲು ನಾಯ್ನನ ಅಂಗಿಯ ಜೇಬಿನಲ್ಲಿತ್ತು. ಅವನ ಹೆಬ್ಬೆರಳುಗಳು ಮಾತ್ರ ತೊಡೆಯ ಮೇಲೆ ಅಲುಗುತ್ತಿದ್ದವು.

ಅವ್ವನ ತವರಿನವರ ಮಾರವ್ವ ನನ್ನಿವಾಳದ ಹತ್ತಿರ ಒಂದು ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗಿನ ಕಲ್ಲು. ಗುಡಿಯಿಲ್ಲ. ನಮ್ಮ ಮನೆಯವರು ಮತ್ತು ಮಾಮ ಬಿಟ್ಟರೆ ಪೂಜೆ ಮಾಡುವ ಮುದುಕಪ್ಪ ಒಬ್ಬ. ಅಲ್ಲಿಯ ಪದ್ಧತಿ ಹೀಗೆ: ಮರಿಯನ್ನು ತೊಳೆದು, ಅರಿಶಿನ ಹಚ್ಚಿ, ಬೇವಿನ ಮಾಲೆ ಹಾಕಿ, ಕಲ್ಲಿನ ಮುಂದೆ ನಿಲ್ಲಿಸಿ ಬೆನ್ನ ಮೇಲೆ ನೀರು ಹೊಯ್ಯುತ್ತಾರೆ. ಮರಿ ತಾನಾಗಿ ಮೈ ಕೊಡವಬೇಕು. ಕೊಡವಿದರೆ ದೇವಿ ಒಪ್ಪಿದಳು, ಮರಿಯೂ ಒಪ್ಪಿತು ಎಂದು. ಕೊಡವದಿದ್ದರೆ ಕತ್ತಿ ಮುಟ್ಟುವಂತಿಲ್ಲ. ಹಗ್ಗ ಹಿಡಿಯಲು ಗಿರಿಯನ್ನು ನಿಲ್ಲಿಸಿದರು.

"ಮೊಬೈಲಿನಾಗೆ ದಿನಾ ನೂರು ಜನ ಕೆಡವೋ ಶೂರ," ಎಂದ ಮಾಮ. "ಒಂದು ಮರಿ ಹಿಡ್ಕಳಪ್ಪ ನೋಡಾನ."

ನೀರು ಹೊಯ್ದರು. ಮರಿ ನಿಂತೇ ಇತ್ತು. ಇನ್ನೊಂದು ಚಂಬು ಹೊಯ್ದರು. ಅದು ಕತ್ತು ತಿರುಗಿಸಿ ತನ್ನ ಮಾಲೆಯ ಬೇವನ್ನೇ ತಿನ್ನತೊಡಗಿತು. ಮುದುಕಪ್ಪ ನಮ್ಮ ಕಡೆ ತಿರುಗಿದ.

"ಯಾರ್ದೋ ಮನಸಿನಾಗೆ ಕಸ ಐತೆ ಕಣ್ರಪ್ಪ. ಒಬ್ಬೊಬ್ರೇ ತಪ್ಪಾತು ಅನ್ರಿ."

ಜೇಜಿ ಕೆನ್ನೆ ಬಡಿದುಕೊಂಡಳು. ಅವ್ವ, ನಾಯ್ನ, ಮಾಮ, ನಾನು, ಎಲ್ಲರೂ ತಪ್ಪಾಯಿತು ಎಂದೆವು. ಯಾವ ತಪ್ಪು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಎಲ್ಲರೂ ಗಿರಿಯನ್ನು ನೋಡಿದೆವು.

"ಹೇಳೋ. ಇನ್ಮ್ಯಾಲೆ ಮುಟ್ಟಲ್ಲ ಅನ್ನು," ಎಂದಳು ಅವ್ವ.

ಅವನು ಬಾಯಿ ಬಿಡಲಿಲ್ಲ. ಹೇಳಿ ಆಮೇಲೆ ಮುರಿಯಬಹುದಿತ್ತು, ಯಾವ ಹುಡುಗನಾದರೂ ಅದನ್ನೇ ಮಾಡುತ್ತಾನೆ. ಅವನು ಮರಿಯನ್ನೇ ನೋಡುತ್ತ ನಿಂತಿದ್ದ. ಬಿಸಿಲೇರಿತ್ತು. ಮಾಮ ಚಂಬು ಹಿಡಿದು ಬಗ್ಗಿ, ಮರಿಯ ತಲೆ ಸವರುವವನಂತೆ ಮಾಡಿದ. ಮರಿ ಥಟ್ಟನೆ ಮೈಯೆಲ್ಲ ಕೊಡವಿತು. ಜೇಜಿ ಉಧೋ ಎಂದಳು. ಮುದುಕಪ್ಪ ಕತ್ತಿಗೆ ಕೈ ಹಾಕಿದ.

"ಇದು ಲೆಕ್ಕಕ್ಕಿಲ್ಲ," ಎಂದ ಗಿರಿ.

"ಏನಂದೆ?"

"ಮಾಮ ಕಿವಿಯಾಗೆ ನೀರು ಬಿಟ್ರು. ನಾನು ನೋಡ್ದೆ. ಇದು ಮೋಸ, ಲೆಕ್ಕಕ್ಕಿಲ್ಲ."

ಮಾಮ ಅವನ ಕೆನ್ನೆಗೆ ಹೊಡೆದ. ಗಿರಿ ಹಗ್ಗ ಬಿಡಲಿಲ್ಲ, ಕೈ ಎತ್ತಲೂ ಇಲ್ಲ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ನಾಯ್ನ ಮುದುಕಪ್ಪನನ್ನು ಕೇಳಿದರು:

"ಕಿವಿಗೆ ಬಿಟ್ರೆ ಆತೈತಾ?"

"ಎಲ್ಲಾ ಕಡೆ ಹಂಗೇ ಮಾಡ್ತಾರಪ್ಪ. ಹೊತ್ತಾತಲ್ಲ."

"ಆತೈತಾ ಇಲ್ವಾ ಅಷ್ಟು ಹೇಳು."

ಮುದುಕಪ್ಪ ಕತ್ತಿಯನ್ನು ಕೆಳಗಿಟ್ಟ. "ಹಂಗಾರೆ ಕಾಯಾನ," ಎಂದು ನಾಯ್ನ ಬದುವಿನ ಮೇಲೆ ಕೂತರು.

ಕಾದೆವು. ಮಾಮ ದೂರ ಹೋಗಿ ಬೀಡಿ ಹಚ್ಚಿದ. ಅವ್ವ ಅಳುತ್ತಿದ್ದಳು, ಆದರೆ ಅವಳ ಮುಖ ಇಳಿದಿರಲಿಲ್ಲ, ಹಗುರಾಗಿತ್ತು. ನನ್ನೊಳಗೂ ಏನೋ ಸಡಿಲಾಯಿತು. ಮೂಕಪ್ರಾಣಿಯ ಪರವಾಗಿ ಮಾತಾಡಿದ, ಅವನೊಳಗೆ ಏನೂ ಸತ್ತಿಲ್ಲ, ನಾವೇ ತಪ್ಪು ತಿಳಿದೆವು ಎಂದುಕೊಂಡೆ. ಇನ್ನು ಸ್ವಲ್ಪ ಹೊತ್ತು ಕಾದರೆ ಮುದುಕಪ್ಪನೇ ಮರಿಯನ್ನು ಬಿಟ್ಟುಬಿಡಿ ಎನ್ನುತ್ತಾನೆ ಎಂದೂ ಅನ್ನಿಸಿತ್ತು. ಆಗ ಒಂದು ನೊಣ ಮರಿಯ ಬೆನ್ನ ಮೇಲೆ ಕೂತಿತು. ಮರಿ ತಲೆಯಿಂದ ಬಾಲದವರೆಗೆ ಕೊಡವಿತು, ಒಣಗಿದ ಅರಿಶಿನ ಪುಡಿಪುಡಿಯಾಗಿ ಹಾರಿತು.

"ಈಗ ಸರಿ," ಎಂದ ಗಿರಿ.

ಹಗ್ಗವನ್ನು ನಾಯ್ನನಿಗೆ ಕೊಟ್ಟು, ಯಾರೂ ಹೇಳುವ ಮೊದಲೇ ಬಗ್ಗಿ ಮರಿಯ ಹಿಂಗಾಲುಗಳನ್ನು ಹಿಡಿದುಕೊಂಡ.

ಹಾಗಾದರೆ ಅವನು ಮರಿಯನ್ನು ಉಳಿಸಲು ಹೊರಟಿರಲಿಲ್ಲ. ಆಟದ ನಿಯಮ ತಪ್ಪಿತ್ತು, ಅದನ್ನು ಸರಿಪಡಿಸಿದ್ದ. ನನಗೆ ಮೈಮೇಲೆ ತಣ್ಣೀರು ಹೊಯ್ದಂತಾಯಿತು. ಕತ್ತಿ ಬಿದ್ದಾಗ ಎಲ್ಲರೂ ಆ ಕಡೆ ನೋಡಿದರು, ನಾನು ಇವನ ಮುಖ ನೋಡಿದೆ. ಕಣ್ಣು ಮುಚ್ಚಲಿಲ್ಲ. ತಲೆ ಬೇರೆಯಾದ ಮೇಲೂ ಮರಿಯ ಕಾಲು ಒದೆಯುತ್ತಿತ್ತು, ಅವನ ಕೈಗಳನ್ನೂ ಎಳೆದುಕೊಂಡು ಒದೆಯುತ್ತಿತ್ತು. ಸಾಕು ಬಿಡು ಎಂದರು. ಅವನು ಬಿಡಲಿಲ್ಲ. ಬಗ್ಗಿದಲ್ಲಿಂದಲೇ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದ:

"ಅಕ್ಕಾ, ಮುಗೀತಾ?"

"ಇನ್ನೂ ಇಲ್ಲ."

"ಎಷ್ಟೊತ್ತು ಮತ್ತೆ?"

ಕಾಲು ನಿಂತ ಮೇಲೂ ಅವನು ಹಿಡಿದೇ ಇದ್ದ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ನಾಯ್ನ.

ಮಾಮ ನಮ್ಮ ಜೊತೆ ಉಣ್ಣಲಿಲ್ಲ. ದೇವಿಯ ಮುಂದೆ ಮರ್ಯಾದೆ ತೆಗೆದವನಿಗೆ ತನ್ನ ಮನೆಯಲ್ಲಿ ಜಾಗವಿಲ್ಲ, ಇಟ್ಟುಕೊಳ್ಳಿ ನಿಮ್ಮ ಮಗನನ್ನು ಎಂದು ಅವ್ವನಿಗೆ ಹೇಳಿ ಚಳ್ಳಕೆರೆಯ ಬಸ್ಸು ಹತ್ತಿದ. ಬಟ್ಟೆಯ ಚೀಲ ನಮ್ಮೊಂದಿಗೆ ಮೊಳಕಾಲ್ಮೂರಿಗೆ ವಾಪಸು ಬಂತು. ಬಸ್ಸಿನಲ್ಲಿ ಗಿರಿ ಕಿಟಕಿಯ ಪಕ್ಕ ಕೂತು ತನ್ನ ಅಂಗೈಗಳನ್ನು ಪ್ಯಾಂಟಿಗೆ ಒರೆಸುತ್ತಿದ್ದ. ತೊಳೆದಾಗಿತ್ತು, ಅವುಗಳ ಮೇಲೆ ಏನೂ ಇರಲಿಲ್ಲ. ನಾಯ್ನ ಜೇಬಿನಿಂದ ಮೊಬೈಲು ತೆಗೆದು ಹೊತ್ತೆಷ್ಟಾಯಿತೆಂದು ನೋಡಿದಾಗ ಅವನು ಅದರ ಕಡೆ ತಿರುಗಿದ. ತಿರುಗಿದ್ದನ್ನು ನಾನು ಗಮನಿಸಿದೆ. ಅವ್ವನೂ ಗಮನಿಸಿದಳು. ನಮ್ಮ ಕಣ್ಣುಗಳು ಕೂಡಿದವು, ಇಬ್ಬರೂ ಬೇರೆ ಕಡೆ ನೋಡಿದೆವು.

ಅಂದು ಎಲ್ಲರಿಗೂ ದಣಿವಾಗಿತ್ತು, ಬೇಗ ಮಲಗಲು ಹೊರಟೆವು. ಅವ್ವ ಎಂದಿನಂತೆ ಮಗ್ಗದ ಪಕ್ಕದಲ್ಲಿ ಚಾಪೆಗಳನ್ನು ಸಾಲಾಗಿ ಹಾಸಿದಳು. ಜೇಜಿಯದು, ನಾಯ್ನನದು, ತನ್ನದು, ನನ್ನದು, ಗಿರಿಯದು. ಹಾಸುವಾಗ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಕೇಳಬೇಕಾಗುತ್ತಿತ್ತು. ಗಿರಿ ಗೋಡೆಯ ಕಡೆ ಮುಖ ಮಾಡಿ ಆಗಲೇ ಮಲಗಿದ್ದ. ನಾನು ನನ್ನ ಚಾಪೆಯನ್ನು ಸುತ್ತಿಕೊಂಡು ಅಡುಗೆಮನೆಗೆ ಹೋದೆ. ಅಡುಗೆಮನೆಗೆ ಬಾಗಿಲಿದೆ ಎಂಬುದೇ ನಮಗೆ ಮರೆತುಹೋಗಿತ್ತು. ಅದು ಯಾವಾಗಲೂ ಗೋಡೆಗೆ ಒರಗಿ ತೆರೆದೇ ಇರುತ್ತಿತ್ತು, ಅದರ ಹಿಂದೆ ಪೊರಕೆ ಇಡುತ್ತಿದ್ದೆವು. ಪೊರಕೆ ತೆಗೆದು ಬಾಗಿಲನ್ನು ಎಳೆದೆ. ನೆಲಕ್ಕೆ ಉಜ್ಜಿ ಸದ್ದಾಯಿತು. ತುಕ್ಕು ಹಿಡಿದ ಚಿಲಕವನ್ನು ಎರಡು ಕೈಯಿಂದ ತಳ್ಳಿದೆ.

ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ, ತೀರ ಹತ್ತಿರದಿಂದ, ಗಿರಿಯ ದನಿ ಕೇಳಿತು.

"ಅಕ್ಕಾ, ಚಿಲಕ ಬಿತ್ತಾ?"

"ಬಿತ್ತು."

"ಜಗ್ಗಿ ನೋಡು."

ಜಗ್ಗಿ ನೋಡಿದೆ.